ಹಗೇವಿಗೆ ಇಳಿದ ದೀಪ

ಕಂದೀಲು ಎರಡಾಳುದ್ದ ಇಳಿಯುವುದರೊಳಗೆ ಆರಿಹೋಯಿತು. ಮೊದಲು ಉರಿ ಮುದುಡಿಕೊಂಡಿತು. ಆಮೇಲೆ ಬತ್ತಿಯ ತುದಿಯಲ್ಲಿ ಒಂದು ಕೆಂಪು ಚುಕ್ಕೆ ಉಳಿಯಿತು. ಆಮೇಲೆ ಅದೂ ಇಲ್ಲ. ಹಗೇವಿನ ಬಾಯಿಯ ಮೇಲೆ ಬಗ್ಗಿ ನೋಡುತ್ತಿದ್ದ ನಿಂಬೆವ್ವ, ಕಂದೀಲಿನ ಹಗ್ಗ ಹಿಡಿದಿದ್ದ ಮೈದುನನ ಮೊಣಕೈಯನ್ನು ಬಿಗಿಯಾಗಿ ಹಿಡಿದಳು.

"ನೋಡಿದೇನು ಮಲ್ಕಪ್ಪ? ಇಳೀಬ್ಯಾಡ."

"ಬತ್ತಿ ಸಣ್ಣದಿರಬೇಕು ಅತ್ತಿಗಿ," ಎಂದ ಮಲ್ಕಪ್ಪ. ಆ ಮಾತಿನ ಮೇಲೆ ಅವನಿಗೇ ಭರವಸೆ ಇರಲಿಲ್ಲ. "ಇಳೀಲಿಲ್ಲಂದ್ರ ಜ್ವಾಳ ಇಲ್ಲ. ಮನ್ಯಾಗ ಹುಣಸಿಬೀಜ ಹುರಕೊಂಡು ತಿನ್ನಾಕತ್ತೇವಿ. ಇನ್ನ ಎಷ್ಟು ದಿನ ತಿನ್ನೂಣು?"

ಅತನೂರಿನ ಧಣಿ ಗೋವಿಂದರಾಯರ ವಾಡೆಯ ಹಿತ್ತಲಲ್ಲಿ ನೆಲದೊಳಗೆ ತೋಡಿದ ಹಗೇವು ಅದು. ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆ ಎಳೆದು ಮಣ್ಣು ಮೆತ್ತಿಬಿಟ್ಟರೆ ಮೇಲೆ ನಡೆದು ಹೋಗುವವನಿಗೆ ಕಾಲಡಿಯಲ್ಲಿ ಊರಿನ ಅನ್ನ ಇದೆ ಎಂದು ತಿಳಿಯುವುದೇ ಇಲ್ಲ. ವರ್ಷದ ಹಿಂದೆ, ಯುಗಾದಿಯ ಮುಂದೆ, ಇದೇ ಬಾಯಿಯಿಂದ ನಿಂಬೆವ್ವನ ಗಂಡ ಸಾಯಬಣ್ಣನನ್ನು ಎಳೆದು ಮೇಲೆ ಹಾಕಿದ್ದರು. ಮೈಮೇಲೆ ಒಂದು ಗಾಯವಿರಲಿಲ್ಲ. ಗಾಯವಿಲ್ಲದ ಸಾವು ಹಗೇವಿನ ಭೂತದ್ದೇ ಎಂದ ಗುಡಿಯ ಹರಿಭಟ್ಟ. ಭೂತ ಸುಮ್ಮನೆ ಮುಟ್ಟುವುದಿಲ್ಲ, ಹೆಂಡತಿ ಮುಟ್ಟಾಗಿದ್ದಾಗ ಅವಳ ಕೈಯ ರೊಟ್ಟಿ ಕಟ್ಟಿಕೊಂಡು ಬಂದಿದ್ದಾನೆ, ಎಂದೂ ಹೇಳಿದ.

ರೊಟ್ಟಿ ತಟ್ಟಿದ್ದು ನಿಜ. ಒಂದೇ ಕೋಣೆಯ ಗುಡಿಸಲಲ್ಲಿ ಇನ್ನಾರು ತಟ್ಟಬೇಕಿತ್ತು? ಅಂದಿನಿಂದ ಗಂಡನ್ನ ತಿಂದಾಕಿ ಎಂದರು. ಹೊಲಗೇರಿಯಲ್ಲಿ ಒಬ್ಬರ ಒಲೆ ಆರಿದರೆ ಇನ್ನೊಬ್ಬರ ಒಲೆಯಿಂದ ಕೆಂಡ ಒಯ್ಯುವುದು ವಾಡಿಕೆ. ನಿಂಬೆವ್ವನಿಗೆ ಆ ಕೆಂಡವೂ ನಿಂತುಹೋಯಿತು. ಪಕ್ಕದ ಮನೆಯ ಗಂಗಾಬಾಯಿ, ಕೂಡಿ ಕಳೆ ತೆಗೆದವಳು, ಬಾಗಿಲಲ್ಲೇ ತಡೆದು "ನಮ್ಮ ಮನ್ಯಾಗೂ ಗಂಡಸರು ಅದಾರಬೇ" ಎಂದಿದ್ದಳು.

ಹತ್ತು ತಿಂಗಳು ನಿಂಬೆವ್ವ ತಾನೂ ಅದನ್ನೇ ನಂಬಿದಳು. ಕಡೆಗೆ ಬಾವಿ ತೋಡುವ ಇಮಾಮಸಾಬ ಆಕೆಗೆ ಹೇಳಿದ. ಶಹಾಬಾದಿನ ಕಲ್ಲಿನ ಗಣಿಯಲ್ಲಿ ಎದೆ ಸವೆಸಿ, ಕೆಮ್ಮು ಗಳಿಸಿಕೊಂಡು ಬಂದವನು ಅವನು. "ಮುಚ್ಚಿದ ಬಾವ್ಯಾಗ, ಹಗೇವಿನ್ಯಾಗ ಹವಾ ಕೆಡ್ತದ ತಂಗೀ. ದೀಪ ಬದುಕದ ಕಡೆ ಮನಶಾನೂ ಬದುಕಂಗಿಲ್ಲ. ನಿನ್ನ ರೊಟ್ಟಿ ಏನು ಮಾಡ್ತದ?" ಆ ದಿನ ಆಕೆ ಗಂಡ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತಳು. ಹವಾ ಕೊಂದಿದ್ದರೆ ತಾನು ಕೊಂದಿಲ್ಲ. ಹವಾ ಕೊಂದಿದ್ದರೆ, ಅದು ತಿಳಿಯಾಗುವಷ್ಟು ಹೊತ್ತು ಕೊಡದವರು ಕೊಂದಿದ್ದಾರೆ.

ಈಗ ಆ ಇಮಾಮಸಾಬ ಹಾರೆ ಹಿಡಿದು ಪಕ್ಕದಲ್ಲೇ ನಿಂತಿದ್ದ. ಬೆಳಗ್ಗೆ ಬಂಡೆ ಸರಿಸಿಕೊಟ್ಟವನೇ ಅವನು. ಆದರೆ ಬಾಯಿ ಬಿಡುವಂತಿರಲಿಲ್ಲ. ರಜಾಕಾರರ ಹೆಸರು ಕೇಳಿದರೆ ಊರು ಬಾಗಿಲು ಹಾಕಿಕೊಳ್ಳುವ ಬೇಸಿಗೆ ಅದು. ಇತ್ತ ಸಾಬರ ಮುದುಕನೊಬ್ಬ ಕೆಮ್ಮಿದರೂ, ಅವರ ಕಡೆಯವನೇ ಎಂದು ಧಣಿಗಳಿಗೆ ಸಂಶಯ.

ಗೋವಿಂದರಾಯರು ಹೊರಗಿನಿಂದ ದಾಪುಗಾಲಿಟ್ಟು ಬಂದರು. ಹೆಂಡತಿ ಮಕ್ಕಳನ್ನು ಆಗಲೇ ಹೊಳೆಯಾಚೆ, ಮುಂಬೈ ಸರಕಾರದ ಹದ್ದಿಗೆ ಕಳಿಸಿದ್ದರು. ಜೋಳವೊಂದು ಉಳಿದಿತ್ತು.

"ಇನ್ನೂ ಇಳಿದಿಲ್ಲೇನಲೇ? ಸಂಜಿಗೆ ಗಾಡಿ ಮಣ್ಣೂರ ಹೊಳಿ ದಾಟಬೇಕು. ನಾಳಿ ಅಫಜಲಪುರದಿಂದ ಸರಕಾರದ ಲೆವ್ಹಿ ಜ್ವಾಳ ವಸೂಲಿಯವರು ಬಂದ್ರ ಒಂದು ಕಾಳು ಬಿಡಂಗಿಲ್ಲ."

"ಕಂದೀಲು ಆರ್ಯಾದ್ರಿ ಧಣಿ," ಎಂದಳು ನಿಂಬೆವ್ವ.

"ಅದಕ್ಕಂತೇ ಭಟ್ಟರನ್ನ ಕರಿಸೀನಿ."

ಹರಿಭಟ್ಟ ಹಗೇವಿನ ಬಾಯಿಗೆ ಕುಂಕುಮ ಏರಿಸಿದ, ತೆಂಗು ಒಡೆದ. ಗುಡಿಯಿಂದ ಶಲ್ಯದ ಮರೆಯಲ್ಲಿ ತಂದಿದ್ದ ಹಿತ್ತಾಳೆಯ ದೀಪವನ್ನು ಬಂಡೆಯ ಮೇಲಿಟ್ಟ. "ಇನ್ನ ಭೂತ ಮಿಸುಕಂಗಿಲ್ಲ. ಇಳೀಯಪ್ಪ, ಹಣಮಂದೇವರು ನಿನ್ನ ಬೆನ್ನಿಗದಾನ."

ಮಲ್ಕಪ್ಪ ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳತೊಡಗಿದ. ಹಾಕಿದ ಗಂಟನ್ನು ಬಿಚ್ಚಿ ಮತ್ತೆ ಹಾಕಿದ. ಅಣ್ಣನ ಸೊಂಟಕ್ಕೂ ಇದೇ ಹಗ್ಗ. ಒಂದು ವರ್ಷದಿಂದ ಊರ ನಡುವೆ ನಿಂಬೆವ್ವ ದನಿ ಎತ್ತಿರಲಿಲ್ಲ.

"ಭಟ್ರ, ಆ ದೀಪ ದೇವರದೇನ್ರಿ?"

"ಮತ್ತ ನಿಮ್ಮಪ್ಪಂದೇನು? ನಮ್ಮ ಮುತ್ಯಾನ ಕಾಲದಿಂದ ಆರದ ಉರಿ ಅದು."

"ಹಂಗಾದ್ರ ಮೊದಲ ದೇವರೇ ಇಳೀಲಿ. ಭೂತ ಇದ್ರ ಅಂಜಿ ಓಡ್ತದ. ದೀಪ ಕೆಳಗ ಉರೀಲಿ, ನಮ್ಮ ಮಲ್ಕಪ್ಪ ಹಗ್ಗ ಇಲ್ಲದೇ ಜಿಗೀತಾನ."

ಗಾಡಿ ಹೂಡಲು ಬಂದಿದ್ದ ಆಳುಗಳಲ್ಲಿ ಯಾರೋ ಕಿಸಕ್ಕೆಂದರು. ಭಟ್ಟನ ಮುಖ ಕೆಂಪೇರಿತು. "ಇಂಥಾಕಿ ಕೈ ಹತ್ತಿದ ಮ್ಯಾಲ ದೀಪ ಉಳೀತದೇನು?"

"ನಾ ಮುಟ್ಟಂಗಿಲ್ರಿ. ಗ್ವಾಡಿ ತನಕ ಸರಿದು ನಿಲ್ತೇನಿ. ನೀವೇ ಮಡಿಲೆ ಇಳಸ್ರಿ."

ಗೋವಿಂದರಾಯರು ಹೊತ್ತನ್ನು ನೋಡಿದರು. "ಇಳಸ್ರಿ ಭಟ್ಟರ. ಆಕಿ ಬಾಯಿ ಮುಚ್ಚಲಿ."

ಭಟ್ಟ ಬುಟ್ಟಿಗೂ ಹಗ್ಗಕ್ಕೂ ನೀರು ಚಿಮುಕಿಸಿದ. ದೀಪವನ್ನು ಬುಟ್ಟಿಯಲ್ಲಿಟ್ಟು, ತುಟಿ ಅಲುಗಿಸುತ್ತ ಮೆಲ್ಲಗೆ ಇಳಿಬಿಟ್ಟ. ಒಂದಾಳು. ಒಂದೂವರೆ ಆಳು. ಹಿತ್ತಲಲ್ಲಿ ಎತ್ತಿನ ಕೊರಳ ಗೆಜ್ಜೆಯೊಂದೇ ಸದ್ದು. ಎರಡಾಳಿಗೆ ಬಂದಾಗ ಉರಿ ಮುದುಡಿಕೊಂಡಿತು, ಕೆಂಪು ಚುಕ್ಕೆಯಾಯಿತು, ಹೋಯಿತು. ಕಂದೀಲು ಆರಿದ ಆಳದಲ್ಲೇ. ಒಂದು ಗೇಣು ಹೆಚ್ಚಿಲ್ಲ, ಒಂದು ಗೇಣು ಕಡಿಮೆಯಿಲ್ಲ.

ಭಟ್ಟನ ತುಟಿ ನಿಂತವು. "ದೇವರು... ದೇವರು ಒಲ್ಲೆ ಅಂದಾನ."

"ದೇವರೇ ಒಲ್ಲೆ ಅಂದಲ್ಲಿ ನಮ್ಮ ಹುಡುಗ ಯಾಕ ಇಳೀಬೇಕ್ರಿ?"

"ಏ ನಿಂಬಿ!" ಗೋವಿಂದರಾಯರು ಎರಡು ಹೆಜ್ಜೆ ಮುಂದೆ ಬಂದರು. "ಭಾಳ ಆತು. ನಿನ್ನ ಗಂಡ ಹಿಂಗ ವಾದಾ ಮಾಡಿದ್ದಿಲ್ಲ."

"ಮಾಡಿದ್ದ ರೀ ಧಣಿ. ಕಂದೀಲು ಇಳಿಸಿ ನೋಡ್ತೇನಿ ಅಂದಿದ್ದ. ಚಿಮಣಿ ಎಣ್ಣಿ ಪುಕ್ಕಟ ಬರ್ತದೇನು ಅಂದ್ರಿ ನೀವು. ಬಾಯಿಗಿದ್ದ ಬಂಡಿಗಲ್ಲ ಸರಿಸಿದ ಮ್ಯಾಲ ಒಂದು ಬೀಡಿ ಸೇದೂವಷ್ಟು ಹೊತ್ತೂ ಕೊಡಲಿಲ್ಲ."

"ಯಾರು ಹೇಳ್ಯಾರ ನಿನಗ?"

ಧಣಿಯ ಕಣ್ಣು ಒಬ್ಬೊಬ್ಬರ ಮೇಲೆ ಹರಿದು ಇಮಾಮಸಾಬನ ಮೇಲೆ ನಿಂತಿತು. ಮುದುಕ ನೆಲ ನೋಡುತ್ತಿದ್ದ. ಹಾರೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ನಿಂಬೆವ್ವ ಅವನನ್ನೇ ನೋಡಿದಳು. ಇವನು ಇಲ್ಲ ಎಂದುಬಿಟ್ಟರೆ ಎಲ್ಲ ಮುಗಿಯಿತು. ಹೌದು ಎಂದರೆ ಇವನೇ ಮುಗಿದ.

"ಖರೇ ಅದ್ರಿ," ಎಂದ ಇಮಾಮಸಾಬ. ಕೆಮ್ಮಿದ. "ಆವತ್ತೂ ಬಂಡಿಗಲ್ಲ ಸರಿಸಿದಾಂವ ನಾನೇ. ನನ್ನ ಮುಂದೇ ಆದ ಮಾತು."

ಆಮೇಲೆ ಮಲ್ಕಪ್ಪ ಸೊಂಟದ ಹಗ್ಗ ಬಿಚ್ಚಿದ. ಎಸೆಯಲಿಲ್ಲ. ಸುರುಳಿ ಸುತ್ತಿ ಹಗೇವಿನ ಅಂಚಿಗಿಟ್ಟ.

"ಬ್ಯಾರೇ ಯಾರು ಇಳೀತೀರಿ? ಇಬ್ಬರ ಪಾಲು ಕೊಡ್ತೇನಿ," ಎಂದು ಕೂಗಿದರು ಗೋವಿಂದರಾಯರು. ಆಳುಗಳು ಎತ್ತಿನ ಕೊರಳ ಹಗ್ಗ ಸರಿಮಾಡುವುದರಲ್ಲಿ ಮುಳುಗಿದರು.

ನಿಂಬೆವ್ವ ಮನೆಗೆ ಓಡಿ ಕೌದಿ ತಂದಳು. ಸಾಯಬಣ್ಣನ ಹಳೆಯ ಧೋತರಗಳನ್ನು ಒಂದರ ಮೇಲೊಂದು ಹಾಕಿ ಆಕೆಯೇ ಹೊಲಿದದ್ದು. ಇಮಾಮಸಾಬ ಅದರ ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಹಗೇವಿನೊಳಗೆ ಇಳಿಬಿಟ್ಟ. ಎಳೆದು, ಬಿಟ್ಟು, ಎಳೆದು, ಬಿಟ್ಟು. ಒಂದೊಂದು ಸಲ ಎಳೆದಾಗಲೂ ನೆಲದೊಳಗಿನಿಂದ ಮುಗ್ಗಲು ಕಾವು ಮುಖಕ್ಕೆ ಬಡಿಯಿತು. ಅವನ ತೋಳು ಸೋತಾಗ ಮಲ್ಕಪ್ಪ ಹಿಡಿದ, ಮಲ್ಕಪ್ಪ ಸೋತಾಗ ನಿಂಬೆವ್ವ. ಹೊತ್ತು ನೆತ್ತಿ ದಾಟಿತು. ಧಣಿ ಬಂದು ಬಂದು ಬೈದು ಹೋದರು. ಬುಟ್ಟಿಯಲ್ಲಿದ್ದ ಹಿತ್ತಾಳೆಯ ದೀಪವನ್ನೇ ಮತ್ತೆ ಹೊತ್ತಿಸಿ ಇಳಿಸಿದರು. ಆರಿತು. ಮತ್ತೆ ಕೌದಿ. ನೆರಳು ಗೋಡೆ ಬಿಟ್ಟು ಮಾರುದ್ದ ಸರಿದ ಮೇಲೆ, ದೀಪ ಎರಡಾಳು ದಾಟಿತು. ತಳದ ಜೋಳದ ಮೇಲೆ ಕೂತು ನೆಟ್ಟಗೆ ಉರಿಯಿತು.

"ದೇವರು ಒಪ್ಪಿದ," ಎಂದ ಭಟ್ಟ.

"ಕೌದಿ ಒಪ್ಪಿತ್ರಿ," ಎಂದ ಇಮಾಮಸಾಬ ಕೆಮ್ಮಿನ ನಡುವೆ.

ಮಲ್ಕಪ್ಪ ಇಳಿದ. ಬುಟ್ಟಿಯ ಮೇಲೆ ಬುಟ್ಟಿ ಜೋಳ ಬಂತು. ನಿಂಬೆವ್ವ ಜೋಳದ ಕಡೆ ನೋಡಲಿಲ್ಲ. ಅವನ ಬೆನ್ನ ಪಕ್ಕದ ಉರಿಯನ್ನು ರೆಪ್ಪೆ ಬಡಿಯದೆ ನೋಡಿದಳು. ಅವನು ಮೇಲೆ ಬಂದು, ನೆಲಕ್ಕೆ ಕಾಲೂರಿ, "ಅತ್ತಿಗಿ, ನೀರು" ಎಂದ ಮೇಲೆಯೇ ಆಕೆ ಹಗೇವಿನ ಬಾಯಿ ಬಿಟ್ಟು ಎದ್ದಳು.

ಗಾಡಿಗಳು ಹೊರಟವು. ಮಲ್ಕಪ್ಪನಿಗೆ ಮಾತಾಡಿದ್ದ ಒಂದು ಚೀಲ ಜೋಳದ ಬದಲು ಅರ್ಧ ಚೀಲ ಸಿಕ್ಕಿತು. ದೀಪವನ್ನು ಒರೆಸಿ ನಿಂಬೆವ್ವ ಬಂಡೆಯ ಮೇಲಿಟ್ಟಾಗ ಭಟ್ಟ ಹಿಂದೆ ಸರಿದ.

"ಅದು ಇನ್ನ ಗುಡಿಗೆ ಬರಂಗಿಲ್ಲ. ನಿಮ್ಮ ಕೈಯಾಗ ಮೈಲಿಗಿ ಆಗ್ಯಾದ."

"ನಮ್ಮ ಹುಡುಗನ ಕಾಲಡಿ ಬಿದ್ದ ಜ್ವಾಳ ಮೈಲಿಗಿ ಆಗಲಿಲ್ರಿ?"

ಭಟ್ಟ ಆಗಲೇ ವಾಡೆಯ ಬಾಗಿಲು ದಾಟಿದ್ದ.

ಸಂಜೆ ಆ ದೀಪ ನಿಂಬೆವ್ವನ ಬೀಸುಕಲ್ಲಿನ ಪಕ್ಕದಲ್ಲಿ ಉರಿಯುತ್ತಿತ್ತು. ಆಕೆ ಇನ್ನೂ ಎರಡು ಹಿಡಿ ಬೀಸಿದ್ದಳೋ ಇಲ್ಲವೋ, ಬಾಗಿಲಲ್ಲಿ ನೆರಳು ಬಿತ್ತು. ಗಂಗಾಬಾಯಿ. ಕೈಯಲ್ಲಿ ಸಗಣಿಯ ಮುರಿದ ಕುಳ್ಳು.

"ನಮ್ಮ ಒಲಿ ಆರ್ಯಾದಬೇ."

ನಿಂಬೆವ್ವ ಬೀಸುಕಲ್ಲಿನ ಗೂಟ ಬಿಟ್ಟಳು. ಹಿಟ್ಟು ಮೆತ್ತಿದ ಕೈಯಿಂದ ದೀಪವನ್ನು ಎತ್ತಿ ಬಾಗಿಲಿಗೆ ಬಂದಳು, ಮೆಲ್ಲಗೆ ಬಾಗಿಸಿದಳು. ಕುಳ್ಳಿನ ಅಂಚು ಹೊಗೆಯಾಡಿ, ಕೆಂಪಾಗಿ, ಹತ್ತಿಕೊಳ್ಳುವ ತನಕ ಇಬ್ಬರೂ ಹೊಸ್ತಿಲ ಈಚೆ ಆಚೆ ತಲೆ ಬಗ್ಗಿಸಿ ಅದನ್ನೇ ನೋಡುತ್ತ ನಿಂತರು.