ಸಾನಮಾವಿನ ಕೆರೆಗೆ ಬಂದ ಸಬ್‌ಮರೀನ್

ಸಾನಮಾವಿನ ಶ್ಯಾಮಣ್ಣ ಹರೆಯದಲ್ಲಿ ಕುರಿಮಾಂಸ, ಬೆಣ್ಣೆ ಸಾಗಿಸುವ ಹಡಗಿನಲ್ಲಿ ಕೂಲಿಗಿದ್ದವನು. ಅದರ ಹೊಟ್ಟೆಯೆಲ್ಲ ಐಸ್‌ಪೆಟ್ಟಿಗೆಯಂತೆ ಕೊರೆಯುತ್ತಿತ್ತು. ಹಿಂದಿನ ಮಹಾಯುದ್ಧದಲ್ಲಿ ಶತ್ರುಗಳ ಸಬ್‌ಮರೀನು ಅದನ್ನು ನಡುಗಡಲಲ್ಲಿ ಹೊಡೆದು ಮುಳುಗಿಸಿತು. ಶ್ಯಾಮಣ್ಣ ತೇಲುತ್ತಿದ್ದ ಬೆಣ್ಣೆ ಪೆಟ್ಟಿಗೆಯೊಂದನ್ನು ತಬ್ಬಿಕೊಂಡು ಬದುಕಿ ಬಂದ. ಊರಲ್ಲಿ ಇದನ್ನು ನಂಬಿದವರಿಲ್ಲ.

"ಸುಡೋ ಬಿಸ್ಲಲ್ಲಿ ಐಸಿನ ಹಡಗಂತೆ! ಹಡಗಲ್ಲ, ರೈಲು ಬುಡ್ತಾವ್ನೆ" ಎಂದು ನಗುತ್ತಿದ್ದರು.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಮತ್ತೆ ಯುದ್ಧ ಬಂತು. ಟೀ ಅಂಗಡಿಯ ರೇಡಿಯೋ 'ಸಬ್‌ಮರೀನ್' ಅಂದದ್ದೇ ತಡ, ಶ್ಯಾಮಣ್ಣನಿಗೆ ಬೆಂಚಿನ ನಡುವೆ ಜಾಗ ಸಿಕ್ಕಿತು.

"ನೋಡಕ್ಕೆ ಹೆಂಗಿರ್ತೈತಣ್ಣ?" ಪಕ್ಕದ ಮನೆಯ ಗೋಪಾಲಪ್ಪ ಕೇಳಿದ.

ಶ್ಯಾಮಣ್ಣ ಪೇಚಿಗೆ ಸಿಕ್ಕಿದ. ಹಡಗಿಗೆ ಏಟು ಬಿದ್ದಾಗ ಅವನು ತಣ್ಣನೆಯ ಕೋಣೆಯಲ್ಲಿ ಉಣ್ಣೆ ಕೋಟು ತೊಟ್ಟು ಮಾಂಸ ಹೊರುತ್ತಿದ್ದ. ಸಬ್‌ಮರೀನನ್ನು ಕಣ್ಣಾರೆ ಕಂಡವನೇ ಅಲ್ಲ. ಆದರೆ ಅಷ್ಟು ಜನ ಬಾಯಿ ಬಿಟ್ಟುಕೊಂಡು ಕೂತಿರುವಾಗ ಹಾಗನ್ನುವುದು ಹೇಗೆ?

"ಕರ್ರಗೆ ಬೆನ್ನೊಂದೇ ನೀರ್ ಮ್ಯಾಲೆ. ಮುಂದ್ಕಡೆ ಕೊಳವೆ ಎತ್ಕಂಡು ಸುತ್ತಾ ನೋಡ್ತೈತೆ ಕಣ್ಲಾ."

ಮಾರನೆಯ ಬೆಳಿಗ್ಗೆ ಗೋಪಾಲಪ್ಪ ಏದುಸಿರು ಬಿಡುತ್ತ ಓಡಿಬಂದ.

"ಶ್ಯಾಮಣ್ಣೋ, ಬಂದ್ಬುಡ್ತು! ನಮ್ ಕೆರೇಗೇ! ಬೆನ್ನೂ ಐತೆ, ಕೊಳವೇನೂ ಐತೆ!"

"ಎಲ್ಲಿಂದ ಬಂತ್ಲಾ, ತೂಬಿನಿಂದಾನಾ?" ಶ್ಯಾಮಣ್ಣನ ಹೆಂಡತಿ ಮುನಿಗಂಗಮ್ಮ ನಕ್ಕಳು. ಶ್ಯಾಮಣ್ಣನಿಗೆ ನಗು ಬರಲಿಲ್ಲ.

ಕಟ್ಟೆಯ ಮೇಲೆ ಊರೇ ನೆರೆದಿತ್ತು. ಮಂಜಿನೊಳಗೆ ಕಪ್ಪು ಬೆನ್ನು, ಅದರ ಮುಂದೆ ಅತ್ತಿತ್ತ ತಿರುಗುವ ಕೊಳವೆ. "ಮಕಾಡೆ ಮಲಗ್ರಲಾ!" ಎಂದು ಕಿರುಚಿ ಶ್ಯಾಮಣ್ಣ ತಾನೇ ಮೊದಲು ಬಿದ್ದ. ಕೊಳವೆ ಬುಸ್ಸೆಂದು ನೀರು ಚಿಮ್ಮಿತು. ಹಿಂದೆಯೇ ಮೊರದಗಲದ ಎರಡು ಕಿವಿ ಮೇಲೆದ್ದವು. ರಾಗಿ ತಿನ್ನಲು ಕಾಡಿನಿಂದ ಇಳಿದಿದ್ದ ಒಂಟಿ ಸಲಗ! ಊರು ಬಿದ್ದಂಬೀಳ ಓಡಿತು. ಇನ್ನೂ ಮಕಾಡೆ ಬಿದ್ದಿದ್ದ ಗಂಡನನ್ನು ಮುನಿಗಂಗಮ್ಮ ರಟ್ಟೆ ಹಿಡಿದು ಮನೆಗೆ ಎಳೆದು ತಂದಳು.

"ಇದೇನಾ ನಿನ್ ಹಡಗ್ ಮುಳುಗ್ಸಿದ್ದು?"

"ಅದುನ್ನ ನಾನ್ ನೋಡ್ಲೇ ಇಲ್ಲ ಕಣೇ. ಮೇಲಕ್ ಬರೋ ಹೊತ್ಗೆ ಹಡಗು ವಾಲ್ಕಂಡಿತ್ತು. ಜೊತೇಲಿದ್ದ ಚಿನ್ನಪ್ಪ 'ನಡಿ, ಹಿಂದೇನೇ ಬತ್ತೀನಿ' ಅಂದ. ಬರ್ಲಿಲ್ಲ."

ಮುನಿಗಂಗಮ್ಮ ಅವನನ್ನು ಒಲೆಯ ಮುಂದೆ ಕೂರಿಸಿದಳು.

ಅಷ್ಟರಲ್ಲಿ ಗೋಪಾಲಪ್ಪ ಬೀದಿಯಲ್ಲಿ ನಿಂತು, "ಬೆಣ್ಣೆ ಹಡಗ್ನ ಆನೆ ಮುಳುಗ್ಸಿತಂತೆ!" ಎಂದು ಕೂಗಿದ. ಮುನಿಗಂಗಮ್ಮ ಸೌಟು ಹಿಡಿದೇ ಹೊರಬಂದಳು.

"ಹಡಗು ಮುಳುಗಿದ್ದು ನಿಜ ಕಣ್ಲಾ! ನಮ್ಮೆಜಮಾನ್ರು ಕಡಲನ್ನೇ ದಾಟ್ಬಂದವ್ರೆ. ನೀನು ಕೆರೆ ಕಟ್ಟೇಲಿ ಚಪ್ಲಿ ಬುಟ್ಟು ಓಡ್ಬಂದೋನು."

ಗೋಪಾಲಪ್ಪ ತನ್ನ ಬರಿಗಾಲು ನೋಡಿಕೊಂಡ. ಚಪ್ಪಲಿ ಇನ್ನೂ ಕಟ್ಟೆಯ ಮೇಲೇ ಇತ್ತು. ಆನೆಯೂ ಅಲ್ಲೇ ಇತ್ತು.