ಮನೆಯವಳ ರಕ್ತ

"ಇನ್ನೊಂದ್ಸಲ ರಕ್ತ ತಗೋಬೇಕಮ್ಮ. ಸೀಸೆ ಅದಲುಬದಲಾಗಿರ್ಬೇಕು," ಅಂದಳು ನರ್ಸ್.

ಹೂವಿನ ತೋಟದಲ್ಲಿ ಕೀಟಕ್ಕೆ ಔಷಧಿ ಹೊಡೆಯುವವರಿಗೆಲ್ಲ ಅವಳು ದಿನಾ ವಿಟಮಿನ್ ಮಾತ್ರೆ ಕೊಡುತ್ತಿದ್ದಳು. ಆ ವಿಷ ರಕ್ತ ಕೆಡಿಸುವುದನ್ನು ಮಾತ್ರೆ ಒಂದಿಷ್ಟಾದರೂ ತಡೆಯುತ್ತದೆಯೇ ಎಂದು ನೋಡಬೇಕಿತ್ತು. ಹೋಲಿಸಲಿಕ್ಕೆ, ಔಷಧಿಯ ಗಾಳಿಯೂ ಸೋಕದವರೊಬ್ಬರನ್ನು ಮನೆಯಿಂದ ಕರೆತನ್ನಿ ಎಂದಿದ್ದಳು. ಔಷಧಿ ಹೊಡೆಯುವವರಲ್ಲೊಬ್ಬನಾದ ಅವನು ಹೆಂಡತಿಯನ್ನೇ ಕರೆತಂದಿದ್ದ. "ಗುಂಡುಕಲ್ಲಿನ ಹಾಗಿದಾಳೆ ಸಿಸ್ಟರ್, ಬೇಕಾದ್ರೆ ಒಂದು ಬಕೆಟ್ ತಗೊಳ್ಳಿ" ಎಂದು ಹಲ್ಲು ಕಿರಿದಿದ್ದ ಬೇರೆ.

ಎರಡನೇ ಸಲವೂ ಹಾಗೇ ಬಂತು. ಅವನ ರಕ್ತ ಪರವಾಗಿಲ್ಲ, ಹೆಂಡತಿಯದೇ ಕೆಟ್ಟಿತ್ತು.

"ನೀವು ತೋಟಕ್ಕೆ ಹೋಗ್ತೀರಾ?"

"ಗೇಟಿನ ಹತ್ರಾನೂ ಹೋಗಲ್ಲಮ್ಮ."

"ಇವರ ಬಟ್ಟೆ ಯಾರು ಒಗೆಯೋದು?"

"ಇನ್ಯಾರು, ನಾನೇ. ಕೈಯಲ್ಲೇ ತಿಕ್ಕೋದು."

ನರ್ಸ್ ಅವಳ ಬೆರಳು ಒತ್ತಿ ನೋಡಿದಳು. "ಜೋಮು ಹಿಡಿಯುತ್ತಾ?"

"ಹಿಡಿದೇ ಇರುತ್ತೆ. ದುಡಿಯೋ ಕೈ ಅಲ್ವಾ."

ಇಷ್ಟು ವರ್ಷ ದಿನಾ ಸಂಜೆ ಮೈಮೇಲಿನ ವಿಷ ಬಿಚ್ಚಿ ಹೆಂಡತಿಯ ಕೈಗೇ ಕೊಟ್ಟಿದ್ದ, ಪುಣ್ಯಾತ್ಮ. ಅಳು ಬರಬೇಕಿತ್ತು. ಬರಲಿಲ್ಲ. ಗೋಡೆಯ ಫ್ಯಾನು ನೋಡುತ್ತ ಕೂತ.

"ಇವಳಿಗೂ ಮಾತ್ರೆ ಕೊಡಿ ಸಿಸ್ಟರ್."

"ಕೊಡ್ತೀನಿ. ಆದ್ರೆ ಅದೊಂದನ್ನೇ ನಂಬ್ಕೋಬೇಡಿ. ಮೊದಲು ಇವರು ಆ ಬಟ್ಟೆ ಮುಟ್ಟೋದು ನಿಲ್ಲಲಿ."

ಸಂಜೆ ಅವನೇ ತೋಟದ ರಬ್ಬರ್ ಗ್ಲೌಸ್ ಹಾಕಿಕೊಂಡು ಬಚ್ಚಲಲ್ಲಿ ಟಬ್ಬಿನ ಮುಂದೆ ಕೂತ. ಅವಳು ಬಾಗಿಲಿಗೆ ಒರಗಿ ನಿಂತಳು. ಅಂಗಿ ಜಾರಿ ಜಾರಿ ಬೀಳುತ್ತಿತ್ತು. ಜನ್ಮದಲ್ಲಿ ಒಂದು ಕರವಸ್ತ್ರ ಒಗೆದವನಲ್ಲ.

"ಕಾಲರ್ ಬಿಟ್ರಿ," ಅಂದಳು. "ನಾಳೆ ಹಾಕ್ಕೊಳ್ಳೋ ಬಟ್ಟೆ ರೀ ಅದು. ಏಳಿ ಮೇಲೆ."

"ಸಿಸ್ಟರ್ ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಇವತ್ತೊಂದಿನ."

ಅವನು ಎದ್ದ. ಹೊತ್ತು ಕಳೆದರೆ ಸಾಕು ಅನ್ನುವಷ್ಟು ಸುಸ್ತಾಗಿತ್ತು. ಗ್ಲೌಸ್ ಕಳಚಿ ಕೊಟ್ಟರೆ ಅವಳು ಪಕ್ಕಕ್ಕಿಟ್ಟಳು.

"ಇದನ್ನ ಹಾಕ್ಕೊಂಡ್ರೆ ಕೊಳೆ ಹೋಯ್ತೋ ಇಲ್ವೋ ಕೈಗೆ ತಿಳಿಯಲ್ಲ."

ಎರಡೂ ತೋಳು ಮೊಣಕೈವರೆಗೆ ನೀರಿಗಿಳಿದವು. ಕಾಲರ್ ಸಿಕ್ಕಿತು, ಉಜ್ಜತೊಡಗಿದಳು.

"ಆ ಮಾತ್ರೆ ತನ್ನಿ, ಮರೆತುಬಿಡ್ತೀನಿ."

ಅವನು ಮಾತ್ರೆಯನ್ನೂ ಲೋಟವನ್ನೂ ತಂದ. ಅವಳ ಕೈಯೆಲ್ಲ ನೊರೆ. ಹಾಗಾಗಿ ತಲೆಯೆತ್ತಿ ಬಾಯಿ ತೆರೆದಳು. ಅವನು ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ನೀರು ಕುಡಿಸಿದ.