ಸರಿ ಅಂದ್ರೆ ಹೇಗೆ, ಸಿಸ್ಟರ್?

ಭವಿತಾ ಮತ್ತೊಮ್ಮೆ ತನ್ನ ಮಗುವಿನ ಅಡಿಯ ಬಟ್ಟೆ ಮುಟ್ಟಿ ನೋಡಿದಳು. ಒಣಗಿಯೇ ಇತ್ತು. ಹುಟ್ಟಿ ಮೂರನೆಯ ದಿನ. ಮಗು ಸರಿಯಾಗಿ ಎದೆಹಾಲು ಕುಡಿಯುತ್ತಿಲ್ಲ; ಬೆಳಗ್ಗಿನಿಂದ ಒಂದು ಹನಿ ಉಚ್ಚೆ ಹೊಯ್ದಿಲ್ಲ. ತೂಕ ಮುನ್ನೂರು ಗ್ರಾಂ ಇಳಿದಿದೆ. ಸಂಜೆಯೊಳಗೆ ಸುಧಾರಿಸದಿದ್ದರೆ ಮಂಗಳೂರಿಗೆ ಕಳಿಸುವುದೇ ಎಂದು ಡಾಕ್ಟರು ಹೇಳಿ ಹೋಗಿದ್ದರು.

"ಎಂತಕ್ಕೆ ಹೆದರುದು? ನೀನೇ ನರ್ಸ್ ಅಲ್ವಾ!" ಅತ್ತೆ ದುಗ್ಗಮ್ಮ ನಕ್ಕರು. "ನೋಡು, ಎಷ್ಟು ಪಾಪದ ಮಗು, ಅಳುದೇ ಇಲ್ಲ."

ಅಳದಿರುವುದನ್ನು ಕಂಡೇ ಭವಿತಾಳಿಗೆ ಜೀವ ಹೋದಂತಾಗುತ್ತಿತ್ತು. ಅಳಲಿಕ್ಕೂ ತ್ರಾಣ ಬೇಕಲ್ಲ?

ಸುಳ್ಯದ ಇದೇ ಆಸ್ಪತ್ರೆಯಲ್ಲಿ ಆರು ವರ್ಷ ಬಾಣಂತಿಯರಿಗೆ ಬುದ್ಧಿ ಹೇಳಿದವಳು. ಇವಳಿಗೆ ಯಾರು ಹೇಳಬೇಕು? ಜೊತೆಯ ನರ್ಸ್‌ಗಳು ಇಣುಕಿ, "ನಿಂಗೆ ಹೇಳಿಕೊಡ್ಬೇಕಾ ಮಾರಾಯ್ತಿ" ಎಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಇವಳಿಗೋ ಕೇಳಲು ಬಿಗುಮಾನ. ಹಾಲು ಕುಡಿಸುವ ಬಗ್ಗೆ ಕಾಲೇಜಿನಲ್ಲಿ ಕಲಿತದ್ದೆಂದರೆ ಒಂದು ಪ್ಲಾಸ್ಟಿಕ್ ಗೊಂಬೆ, ಹತ್ತು ಅಂಕದ ಒಂದು ಪ್ರಶ್ನೆ. ಒಂಬತ್ತು ಬಂದಿತ್ತು. ಆ ಒಂಬತ್ತು ಈಗ ಯಾವ ಉಪಕಾರಕ್ಕೂ ಬರಲಿಲ್ಲ. ಕಳೆದ ವರ್ಷ ಎದೆಹಾಲಿನ ತರಬೇತಿಗೆ ಹೋಗುವವರ ಪಟ್ಟಿಯಲ್ಲಿ ಮೊದಲ ಹೆಸರು ಇವಳದೇ. "ಹಾಲು ಕುಡಿಸುದು ಕಲಿಲಿಕ್ಕೆ ನಾಲ್ಕು ದಿನವಾ?" ಎಂದು ನಕ್ಕು, ಹಿರಿಯ ನರ್ಸ್ ರಾಜೀವಿಯಕ್ಕನನ್ನು ಕಳಿಸಿದ್ದಳು.

ಕಲ್ಲುಗುಂಡಿಯ ರಮ್ಲತ್ ನೆನಪಾದಳು. ಬಾಣಂತಿ. ಹಾಲು ಕುಡಿಸುವಾಗ "ಮಗುವನ್ನು ಸರಿಯಾಗಿ ಹಿಡಿ" ಎಂದು ಇವಳು ಗದರಿದಾಗ ಆ ಹುಡುಗಿ ಕೇಳಿದ್ದಳು, "ಸರಿ ಅಂದ್ರೆ ಹೇಗೆ, ಸಿಸ್ಟರ್?" ಉತ್ತರ ಗೊತ್ತಿಲ್ಲದ ಭವಿತಾ ಹಾಲಿನ ಪುಡಿಯ ಹೆಸರು ಬರೆದುಕೊಟ್ಟು ಕೈ ತೊಳೆದುಕೊಂಡಿದ್ದಳು.

ನಾಲ್ಕು ಗಂಟೆಗೆ ರಾಜೀವಿಯಕ್ಕ ಡ್ಯೂಟಿಗೆ ಬಂದರು. ಭವಿತಾ ಮಗುವಿನ ತಲೆಯನ್ನು ಎದೆಗೆ ಒತ್ತುತ್ತಿದ್ದಳು. ಮಗು ಮುಖ ತಿರುಗಿಸಿ ಕಣ್ಣು ಮುಚ್ಚಿತು. ಬಿಗುಮಾನವೆಲ್ಲ ಅಲ್ಲಿಗೆ ಮುಗಿಯಿತು.

"ಅಕ್ಕಾ, ನಂಗೆ ಗೊತ್ತಿಲ್ಲ. ಸರಿ ಅಂದ್ರೆ ಹೇಗೆ?"

ರಾಜೀವಿಯಕ್ಕ ನಗಲಿಲ್ಲ. ಪಕ್ಕದಲ್ಲಿ ಕೂತು ಮಗುವಿನ ಅಂಗಾಲು ತಿಕ್ಕಿ ಎಬ್ಬಿಸಿದರು. "ತಲೆ ಒತ್ಬೇಡ. ಹೆಗಲಿಗೆ ಕೈ ಕೊಡು. ಮೂಗು ತೊಟ್ಟಿನ ಎದುರು ಬರ್ಲಿ. ಬಾಯಿ ದೊಡ್ಡದಾಗಿ ತೆರೆಯುವವರೆಗೆ ಕಾಯಿ... ಈಗ!"

ಎರಡು ಸಲ ಜಾರಿತು. ಮೂರನೆಯ ಸಲ ಗದ್ದ ಎದೆಗೆ ತಾಗಿತು. ಗುಟುಕ್. ತಡೆದು ಇನ್ನೊಂದು ಗುಟುಕ್.

ಮತ್ತೆರಡು ಸಲ ಕುಡಿಸಿದ ಮೇಲೂ ಭವಿತಾ ಬಟ್ಟೆಯಿಂದ ಕೈ ತೆಗೆಯಲಿಲ್ಲ. ಆರೂವರೆಗೆ ಬೆರಳು ಬೆಚ್ಚಗಾಯಿತು. ಒದ್ದೆ! ಅವಳು ಗೊಳೋ ಎಂದು ಅತ್ತುಬಿಟ್ಟಳು.

ಅಳು ನಿಂತ ಮೇಲೆ ಕೇಳಿದಳು, "ಅಕ್ಕಾ, ಆ ರಮ್ಲತ್‌ನ ಮಗು ಹೇಗೆ ಉಂಟು?"

"ಗೊತ್ತಿಲ್ಲ," ಎಂದರು ರಾಜೀವಿಯಕ್ಕ. "ಅವಳು ಮತ್ತೆ ಬರ್ಲೇ ಇಲ್ಲ."

ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ಭವಿತಾ ಹೇಳಿದಳು, "ಅಕ್ಕಾ, ಹೆರಿಗೆ ರಿಜಿಸ್ಟರ್ ತನ್ನಿ. ಅದ್ರಲ್ಲಿ ಅವಳ ಫೋನ್ ನಂಬರ್ ಇರ್ಬೇಕು."